ತಂತಿಯ ಕೆಳಗಿನ ಹೊಲಕ್ಕೂ ವರ್ಷದ ಬಾಡಿಗೆ ಬರಲಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಮಿಡಿಗೇಶಿ ಇದೆ. ಅದೇ ಹೋಬಳಿಯ ಹಳ್ಳಿ ನಮ್ಮದು. ನಮ್ಮ ಕಡ್ಲೆಕಾಯಿ ಹೊಲದ ಮೂಲೆಯಲ್ಲಿ ಒಂದು ಹೈಟೆನ್ಷನ್ ಟವರ್ ನಿಂತಿದೆ. ಅದು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ತಂತಿಗೆ ತಾಗುತ್ತವೆಂದು ತಾತ ನೆಟ್ಟಿದ್ದ ಎರಡು ಹುಣಸೆ ಮರ ಕಡಿದರು. ಪರಿಹಾರ ಒಂದೇ ಸಲ ಬಂತು, ಅಕ್ಕನ ಮದುವೆಗೆ ಖರ್ಚಾಯಿತು. ಈಗ ನಾನು ಎಲೆಕ್ಟ್ರಿಕಲ್ ಬಿಇ ಓದುತ್ತಿದ್ದೇನೆ. ರಜೆಗೆ ಊರಿಗೆ ಹೋದರೆ ಅಪ್ಪನ ಪ್ರಶ್ನೆ ಒಂದೇ: ‘ಪಾವಗಡದೋರಿಗೆ ವರ್ಷ ವರ್ಷ ದುಡ್ಡು ಬತ್ತದೆ, ನಮಗ್ಯಾಕೆ ಬರಲ್ಲ?’

ಅಪ್ಪ ಹೇಳುವುದು ಪಾವಗಡ ತಾಲ್ಲೂಕಿನ ಸೋಲಾರ್ ಪಾರ್ಕ್ ಬಗ್ಗೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಘಟಕಗಳಿವೆ. ಅಲ್ಲಿ ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಆ ವಿದ್ಯುತ್ತು ತಿರುಮಣಿಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಅದು ಬೆಂಗಳೂರಿಗೂ ಕಾರ್ಖಾನೆಗಳಿಗೂ ತಲುಪಬೇಕು. ಒಂದು ಮಾರ್ಗ ಇಂತಿಷ್ಟೇ ವಿದ್ಯುತ್ ಹೊರಬಲ್ಲದು. ಅದನ್ನು ಮೀರಿದರೆ ತಂತಿ ಕಾದು ಜೋಲುತ್ತದೆ, ಮಾರ್ಗ ಟ್ರಿಪ್ ಆಗುತ್ತದೆ. ಆಗ ಘಟಕಕ್ಕೆ ಉತ್ಪಾದನೆ ತಗ್ಗಿಸಲು ಹೇಳದೆ ದಾರಿಯಿಲ್ಲ. ರಾಜಸ್ಥಾನದಲ್ಲಿ 2025ರಲ್ಲಿ ಹೀಗೇ ಆಯಿತು. ಬಿಸಿಲಿತ್ತು, ಪ್ಯಾನೆಲ್‌ಗಳಿದ್ದವು, ಸಾಕಷ್ಟು ಮಾರ್ಗಗಳಿರಲಿಲ್ಲ. ಈ ಕಷ್ಟ ನಮಗೂ ಹೊಸದಲ್ಲ. ರಾಯಚೂರು–ಸೋಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಕೂಡಿದ್ದು 2013ರ ಡಿಸೆಂಬರ್ 31ರಂದು. ಅದಕ್ಕೂ ಮೊದಲು ಉತ್ತರದಲ್ಲಿ ವಿದ್ಯುತ್ ಇದ್ದರೂ ಬೇಕಾದಷ್ಟು ತರಲಾಗದೆ ನಾವು ಹೆಚ್ಚು ಬೆಲೆ ತೆರುತ್ತಿದ್ದೆವು.

ಹಾಗಾಗಿ ಟವರ್ ಬೇಡ ಎನ್ನುವವನು ನಾನಲ್ಲ. ಪ್ರಶ್ನೆ ಇರುವುದು ಅದನ್ನು ನಿಲ್ಲಿಸುವ ರೀತಿಯಲ್ಲಿ. ಸೋಲಾರ್ ಘಟಕ ಒಂದೂವರೆ ಎರಡು ವರ್ಷದಲ್ಲಿ ಎದ್ದು ನಿಲ್ಲುತ್ತದೆ. ಪ್ರಸರಣ ಮಾರ್ಗಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು, ಹೊಲಗಳಲ್ಲಿ ತಕರಾರು ಶುರುವಾದರೆ ಇನ್ನೂ ಹೆಚ್ಚು. ತಕರಾರಿಗೆ ಕಾರಣವಿದೆ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಪ್ರಸರಣ ಕಂಪನಿಗಳಿಗೆ ಕೊಡಲು 2003ರ ವಿದ್ಯುತ್ ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ಜಮೀನು ಸ್ವಾಧೀನ ಮಾಡಿಕೊಳ್ಳದೆಯೇ ತಂತಿ ಎಳೆಯಬಹುದು. ಪಹಣಿಯಲ್ಲಿ ಹೆಸರು ನಮ್ಮದೇ ಇರುತ್ತದೆ, ಆದರೆ ತೆಂಗು, ಹುಣಸೆ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಕೇಂದ್ರ ಇಂಧನ ಸಚಿವಾಲಯ 2024ರ ಜೂನ್‌ನಲ್ಲಿ ಪರಿಹಾರ ಹೆಚ್ಚಿಸಿತು: ಟವರ್ ಬುಡದ ಜಾಗಕ್ಕೆ ಜಮೀನಿನ ಬೆಲೆಯ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30. ಒಳ್ಳೆಯದೇ. ಆದರೆ ಅದು ಮಾರ್ಗಸೂಚಿ, ಕಾನೂನಲ್ಲ. ಮೇಲಾಗಿ ಹಣ ಒಮ್ಮೆ ಬಂದರೆ ಮುಗಿಯಿತು, ತಂತಿ ಮಾತ್ರ ದಶಕಗಳ ಕಾಲ ಇರುತ್ತದೆ.

ವರ್ಷ ವರ್ಷ ಬಾಡಿಗೆ ಕೊಟ್ಟರೆ ಕರೆಂಟ್ ಬಿಲ್ ಏರುತ್ತದೆ ಎಂದು ಹಾಸ್ಟೆಲ್ ಗೆಳೆಯರು ವಾದಿಸಿದರು. ಸರಿ, ಲೆಕ್ಕ ಹಾಕೋಣ ಎಂದೆ. 400 ಕೆವಿ ಡಬಲ್ ಸರ್ಕ್ಯೂಟ್ ಮಾರ್ಗದ ಪಟ್ಟಿ 46 ಮೀಟರ್ ಅಗಲ. ಕಿಲೋಮೀಟರಿಗೆ ಸುಮಾರು 11.4 ಎಕರೆ. ಸೋಲಾರ್ ಪಾರ್ಕಿನ ಪೂರಾ ದರ 21,000 ರೂಪಾಯಿ ಕೊಟ್ಟರೂ 100 ಕಿಲೋಮೀಟರಿಗೆ ವರ್ಷಕ್ಕೆ 2.4 ಕೋಟಿ. ಇನ್ನು 2,050 ಮೆಗಾವಾಟ್ ಪಾರ್ಕು ದಿನಕ್ಕೆ ಐದು ಗಂಟೆಯ ಪೂರ್ಣ ಉತ್ಪಾದನೆಯಷ್ಟು ಕೊಟ್ಟರೆ ಒಂದು ಕೋಟಿ ಯೂನಿಟ್. ಯೂನಿಟ್‌ಗೆ 3 ರೂಪಾಯಿ ಹಿಡಿದರೆ ದಿನಕ್ಕೆ 3 ಕೋಟಿ. ಮಾರ್ಗವಿಲ್ಲದೆ ಅದರಲ್ಲಿ ಮೂರನೇ ಒಂದು ಭಾಗ ನಿಂತರೂ ಮೂರು ದಿನದೊಳಗೆ ಇಡೀ ವರ್ಷದ ಬಾಡಿಗೆ ಕೈಬಿಟ್ಟಂತೆ! ತಂತಿ ಕೆಳಗೆ ರಾಗಿ, ಕಡ್ಲೆಕಾಯಿ ಬೆಳೆಯಬಹುದಾದ್ದರಿಂದ ಪೂರಾ ದರವನ್ನು ಯಾರೂ ಕೇಳುವುದೂ ಇಲ್ಲ. ಗೆಳೆಯರು ಸುಮ್ಮನಾದರು.

ಇನ್ನೊಂದು ಕೆಲಸ ಇದಕ್ಕೂ ಮೊದಲು ಆಗಬೇಕು. ಅಮೆರಿಕದ ಟೆಕ್ಸಾಸ್ 2005ರಲ್ಲಿ ಕಾನೂನು ಮಾಡಿ, ಗಾಳಿ ಹೆಚ್ಚಿರುವ ವಲಯಗಳನ್ನು ಗುರುತಿಸಿ, ಗಾಳಿಯಂತ್ರಗಳು ಬರುವುದನ್ನು ಕಾಯದೆ ಮಾರ್ಗಗಳನ್ನು ಯೋಜಿಸಿತು. 2014ರ ಹೊತ್ತಿಗೆ ಸುಮಾರು 5,800 ಕಿಲೋಮೀಟರ್ ಮಾರ್ಗ ಸಿದ್ಧವಾಗಿತ್ತು. ನಮ್ಮಲ್ಲೂ ಸೋಲಾರ್ ಪಾರ್ಕಿನ ಜತೆಗೇ ಅದರ ಮಾರ್ಗದ ನಕ್ಷೆ ಗ್ರಾಮಸಭೆಗೆ ಬರಲಿ, ಸರ್ವೆ ನಂಬರ್ ಸಮೇತ. ಟವರ್ ಅನ್ನು ಹೊಲದ ನಡುವಿನಿಂದ ಬದುವಿನ ಕಡೆಗೆ ಸರಿಸಬಹುದೇ ಎಂಬುದು ಗೂಟ ಹೊಡೆಯುವ ಮೊದಲು ಕೇಳಬೇಕಾದ ಪ್ರಶ್ನೆ.

ಇಂಥ ನಕ್ಷೆ ಬರೆಯುವ ಕೆಲಸಕ್ಕೆ ನಾಳೆ ನಮ್ಮಲ್ಲೇ ಯಾರಾದರೂ ಸೇರುತ್ತೇವೆ. ಕಂಪ್ಯೂಟರಿನಲ್ಲಿ ಎರಡು ಉಪಕೇಂದ್ರಗಳ ನಡುವೆ ಗೆರೆ ಎಳೆಯುವುದು ಸುಲಭ. ಆ ಗೆರೆ ಯಾರ ಹುಣಸೆ ಮರದ ಮೇಲೆ ಹಾಯುತ್ತದೆ ಎಂದು ಹೋಗಿ ನೋಡಿ ಬಂದವರು ಎಳೆದರೆ, ಮಾರ್ಗವೂ ಬೇಗ ಮುಗಿಯುತ್ತದೆ, ಅಪ್ಪನಂಥವರ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.