ಮೊದಲು ರಕ್ತ ನಿಲ್ಲಲಿ

ಕೆಲವು ವರ್ಷಗಳ ಹಿಂದಿನ ಮಾತು. ಶಿರಾಡಿ ಘಾಟಿಯ ತಿರುವೊಂದರಲ್ಲಿ ನಮ್ಮ ಕಣ್ಣೆದುರೇ ಬೈಕೊಂದು ಜಾರಿಬಿತ್ತು. ಸವಾರನ ತೊಡೆ ಸೀಳಿ ರಕ್ತ ಹರಿಯುತ್ತಿತ್ತು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ನಮ್ಮ ಕಾರಿನಲ್ಲಿದೆಯಲ್ಲ ಎಂಬ ಧೈರ್ಯದಿಂದ ನಾನು ಓಡಿದೆ. ಅದೋ, ಡಿಕ್ಕಿಯಲ್ಲಿ ಸೂಟ್‌ಕೇಸು, ಹಪ್ಪಳದ ಚೀಲಗಳ ಅಡಿಯಲ್ಲಿ! ಹೇಗೋ ಎಳೆದು ತೆರೆದರೆ ಅಂಟು ಒಣಗಿದ ನಾಲ್ಕು ಪ್ಲಾಸ್ಟರು, ತಳ ಕಂಡ ಟಿಂಕ್ಚರ್ ಬಾಟಲಿ, ಅವಧಿ ಮುಗಿದ ತಲೆನೋವಿನ ಮಾತ್ರೆ.

ಅಷ್ಟರಲ್ಲಿ ಲಾರಿಯಿಂದ ಇಳಿದ ಕ್ಲೀನರ್ ಹುಡುಗ ಹೆಗಲ ಮೇಲಿನ ಟವೆಲನ್ನು ಮಡಚಿ ಗಾಯದ ಮೇಲಿಟ್ಟು, ಎರಡೂ ಕೈಗಳಿಂದ ಅದುಮಿ ಹಿಡಿದಿದ್ದ. 'ಟಿಂಕ್ಚರ್ ಆಮೇಲೆ ಸಾರ್, ಮೊದಲು ರಕ್ತ ನಿಲ್ಲಲಿ' ಎಂದ. ಆಂಬುಲೆನ್ಸ್ ಬರುವವರೆಗೂ ಅವನು ಕೈ ತೆಗೆಯಲಿಲ್ಲ. ಸವಾರ ಬದುಕಿದ.

ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ಪೆಟ್ಟಿಗೆ ಕೊಳ್ಳುವಾಗ ಅದರಲ್ಲಿ ಎಷ್ಟು ಸಾಮಾನಿದೆ ಎಂದು ಎಣಿಸಬೇಡಿ. ರಕ್ತ ನಿಲ್ಲಿಸುವಂಥದ್ದು ಏನಿದೆ ಎಂದು ಕೇಳಿ.

ಸಿದ್ಧ ಪೆಟ್ಟಿಗೆಯೇ ಬೇಕೆಂದಿಲ್ಲ. ಔಷಧದ ಅಂಗಡಿಯಿಂದ ಎರಡು ಜೊತೆ ಕೈಗವಸು, ಶುದ್ಧೀಕರಿಸಿದ ಗಾಜ್ ಬಟ್ಟೆಯ ಹಲವು ಪೊಟ್ಟಣ, ಅಗಲವಾದ ಎರಡು ಕ್ರೇಪ್ ಬ್ಯಾಂಡೇಜು ತನ್ನಿ. ಬಟ್ಟೆ ಕತ್ತರಿಸಲು ಮೊಂಡು ತುದಿಯ ಕತ್ತರಿ, ಟಾರ್ಚು, ಮಾರ್ಕರ್ ಪೆನ್ನು ಸೇರಿಸಿ. ಇಷ್ಟೂ ಊಟದ ಡಬ್ಬಿಯಷ್ಟು ಚೀಲದಲ್ಲಿ ಹಿಡಿಯುತ್ತದೆ. ಬಿಡಿ ಹತ್ತಿ ಬೇಡ, ಅದರ ಎಳೆ ಗಾಯಕ್ಕೆ ಅಂಟುತ್ತದೆ. ಅರಿಸಿನ, ಕಾಫಿಪುಡಿಗಳು ಅಡುಗೆಮನೆಯಲ್ಲೇ ಇರಲಿ.

ಗಾಜ್ ಇಟ್ಟು ಬಲವಾಗಿ ಒತ್ತಿ. ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ. ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಇನ್ನೂ ಬಲವಾಗಿ ಒತ್ತಿ. ಗಾಜಿನ ಚೂರೋ ಕಬ್ಬಿಣವೋ ನಾಟಿದ್ದರೆ ಕೀಳಬೇಡಿ, ಅದರ ಸುತ್ತ ಒತ್ತಿ ಹಿಡಿಯಿರಿ.

ಒತ್ತಿದರೂ ನಿಲ್ಲದಾಗ ಬೇಕಾಗುವುದು ಟೂರ್ನಿಕೆಟ್, ಅಂದರೆ ತಿರುಚಿ ಬಿಗಿಯುವ ಪಟ್ಟಿ. ಕೈಕಾಲಿಗೆ ಮಾತ್ರ. ಗಾಯದಿಂದ ಎರಡು ಮೂರು ಅಂಗುಲ ಮೇಲೆ, ಕೀಲು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಕಟ್ಟಿದ ಸಮಯವನ್ನು ಬರೆದಿಡಬೇಕು. ಪೆನ್ನು ಇರುವುದೇ ಅದಕ್ಕೆ. ಸಡಿಲಿಸುವುದು ವೈದ್ಯರ ಕೆಲಸ. ಅಗ್ಗದ ನಕಲು ಬಿಗಿಯುವಾಗಲೇ ಮುರಿದೀತು, ಎಚ್ಚರ. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನ ತರಬೇತಿಯಲ್ಲಿ ಕಲಿತು ಇಟ್ಟುಕೊಂಡರೆ ಇನ್ನೂ ಲೇಸು.

ಇದೆಲ್ಲದರ ನಡುವೆ 108ಕ್ಕೋ 112ಕ್ಕೋ ಫೋನ್ ಮಾಡಲು ಒಬ್ಬರಿಗೆ ಹೇಳಿ. ಪೊಲೀಸು, ಕೋರ್ಟು ಎಂಬ ಅಳುಕು ಬೇಡ. ಸದುದ್ದೇಶದಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ರಕ್ಷಣೆಯಿದೆ.

ನಮ್ಮ ಚೀಲ ಈಗ ಡ್ರೈವರ್ ಸೀಟಿನ ಪಕ್ಕದಲ್ಲೇ ಇರುತ್ತದೆ. ಪ್ರತಿವರ್ಷ ಆಯುಧಪೂಜೆಗೆ ಕಾರು ತೊಳೆದಾಗ ಅದನ್ನೂ ಬಿಚ್ಚಿ, ಅವಧಿ ಮುಗಿದದ್ದನ್ನು ಬದಲಿಸುತ್ತೇವೆ. ಕೊನೆಗೆ ಮನೆಯವಳು ಒಗೆದ ಟವೆಲೊಂದನ್ನು ಮಡಚಿ ಮೇಲಿಡುತ್ತಾಳೆ. ಆ ಹುಡುಗನ ಹೆಸರನ್ನು ನಾವು ಕೇಳಲೇ ಇಲ್ಲ.