ಬೆನ್ನು ನಮ್ಮದು, ಬಗ್ಗಿಸಿದವರು ಯಾರು?

ಕಾಲೇಜುಗಳಲ್ಲಿ ಈಗ ವ್ಯಕ್ತಿತ್ವ ವಿಕಸನ ಶಿಬಿರಗಳ ಸುಗ್ಗಿ. ಸೊಂಟಕ್ಕೆ ಕೈ ಕೊಟ್ಟು, ಎದೆ ಸೆಟೆಸಿ ಎರಡು ನಿಮಿಷ ನಿಂತರೆ ಆತ್ಮವಿಶ್ವಾಸ ತಾನಾಗಿ ಬರುತ್ತದಂತೆ!

ಈ ಮಾತಿಗೆ ಬಲ ಕೊಟ್ಟಿದ್ದು 2010ರ ಒಂದು ಅಮೆರಿಕನ್ ಅಧ್ಯಯನ. ಅದರಲ್ಲಿದ್ದವರು ಬರೀ 42 ಮಂದಿ. ಹಾಗೆ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂದಿತ್ತು ಅದು. 2015ರಲ್ಲಿ 200 ಜನರನ್ನು ಪರೀಕ್ಷಿಸಿದಾಗ ಹಾರ್ಮೋನು ಬದಲಾಗಲಿಲ್ಲ. ಮೊದಲ ಅಧ್ಯಯನದ ಮುಖ್ಯ ಲೇಖಕಿ ಡಾನಾ ಕಾರ್ನಿ ಅವರೇ 2016ರಲ್ಲಿ, ತಮಗೆ ಅದರಲ್ಲಿ ನಂಬಿಕೆ ಉಳಿದಿಲ್ಲ ಎಂದುಬಿಟ್ಟರು. ಹಾಗೆ ನಿಂತವರಿಗೆ ಒಂದಿಷ್ಟು ಧೈರ್ಯ ಬಂದಂತೆ ಅನಿಸಿದ್ದು ಮಾತ್ರ ನಿಜ. ಅದನ್ನು ನಾವು ತಳ್ಳಿಹಾಕುವುದಿಲ್ಲ.

ಆದರೆ ನಮ್ಮ ಬೆನ್ನು ಬಗ್ಗಿದ್ದು ಹೇಗೆ? ಶಾಲೆಯಲ್ಲಿ ಕೈಕಟ್ಟಿ ಕೂರು. ಹೆಣ್ಣುಮಗಳೇ, ತಲೆ ತಗ್ಗಿಸಿ ನಡೆ. ದೊಡ್ಡವರು ಬಂದರೆ ಹೆಗಲ ಮೇಲಿನ ಟವೆಲ್ ಇಳಿಸು. ಇದೆಲ್ಲ ಕಲಿಸಿದ ಪಾಠ. ಪಹಣಿ ತಿದ್ದಿಸಲು ಬಂದ ಅಜ್ಜ ಸಾಹೇಬರ ಮೇಜಿನ ಮುಂದೆ ಅರ್ಧ ಬಗ್ಗಿ ನಿಲ್ಲುವುದು ಅಂಜಿಕೆಯಿಂದಲ್ಲ. ನೆಟ್ಟಗೆ ನಿಂತವನ ಅರ್ಜಿ ಫೈಲಿನ ತಳ ಸೇರುತ್ತದೆ ಎಂಬ ಅನುಭವದಿಂದ.

ನಮ್ಮ ಕೈಲಿ ಇರಬೇಕಾದ್ದು ಬೇರೆ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೊಡಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಚೀಟಿ ಹಿಡಿದು ಕೇಳಿ ನೋಡಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಿಂತವರಿಗೆ ಪಾಠ ಸಾಕು. ಎದುರಿಗೆ ಬಂದವರಿಗೂ ಒಂದು ಕುರ್ಚಿ ಹಾಕಿ ಎಂದು ಕೂತವರಿಗೆ ಕಲಿಸುವ ಶಿಬಿರ ಯಾವಾಗ?