ಆ ಕೈ ಇರುವಾಗಲೇ

ನಮ್ಮಜ್ಜಿ ಬಿದ್ದದ್ದು ನಾವೇ ಆಸೆಪಟ್ಟು ಹಾಕಿಸಿದ ಟೈಲ್ಸಿನ ಮೇಲೆ. ನಡುರಾತ್ರಿ ಮೂತ್ರಕ್ಕೆಂದು ಎದ್ದಿದ್ದರು. ಬಚ್ಚಲು ಒದ್ದೆ, ಸ್ವಿಚ್ಚು ದೂರ. ಜಾರಿದಾಗ ಕೈಗೆ ಸಿಕ್ಕಿದ್ದು ಬಕೆಟ್ಟಿನ ಹಿಡಿ. ಅದೂ ಅವರ ಜೊತೆಗೇ ಉರುಳಿತು. ತೊಡೆಯ ಮೂಳೆ ಸೊಂಟದ ಬಳಿ ಮುರಿದಿತ್ತು.

ಶಿಡ್ಲಘಟ್ಟದ ಕಡೆಯ ಆ ಜೀವ ಬದುಕೆಲ್ಲ ರೇಷ್ಮೆ ಹುಳ ಸಾಕಿತ್ತು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳ ಹಸಿದಿರುತ್ತದೆಂದು ಸರಿರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಿದ ಕೈ ಅದು. ಅವರು ರಾತ್ರಿ ಎದ್ದರೆ ದಾರಿ ಕಾಣಲಿ ಎಂದು ಒಂದು ಪುಟ್ಟ ಬಲ್ಬು ಉರಿಸುವುದು ನಮಗೆ ಹೊಳೆಯಲಿಲ್ಲ.

"ವಯಸ್ಸಾಯ್ತು, ಬಿದ್ದರು" ಎಂದರು ನೋಡಲು ಬಂದವರೆಲ್ಲ. ಆ ಮಾತನ್ನು ನಾನು ಒಪ್ಪಲಾರೆ. ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅರವತ್ತು ದಾಟಿದವರಿಗೇ ಅಪಾಯ ಹೆಚ್ಚು. ಆದರೆ ಬೀಳಿಸುವುದು ಒದ್ದೆ ನೆಲ, ಕತ್ತಲು, ಎತ್ತರದ ಹೊಸಿಲು, ಸವೆದ ಚಪ್ಪಲಿ, ಪೊರೆ ಬಂದ ಕಣ್ಣು, ತಲೆ ಸುತ್ತಿಸುವ ಮಾತ್ರೆ. ಇವುಗಳಲ್ಲಿ ಹಣೆಬರಹ ಯಾವುದು, ಹೇಳಿ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅಣ್ಣಂದಿರೇ, ಅಕ್ಕಂದಿರೇ, ಹಳೇ ಮನೆಯ ಚಪ್ಪಡಿ ಕಲ್ಲು ಒರಟಾಗಿತ್ತು, ಪಾದ ನಿಲ್ಲುತ್ತಿತ್ತು. ಅದನ್ನು ಕಿತ್ತು, ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದೇವೆ. ಬಾಗಿಲ ಮೇಲೆ 'ಮಾತಾಪಿತೃ ಕೃಪಾ' ಎಂದು ಬರೆಸಿದ್ದೇವೆ. ಒಳಗೆ ಆ ತಾಯಿ ಹಿಡಿದು ಏಳಲು ಒಂದು ಕಂಬಿ ಇಲ್ಲ.

ಬೆಂಗಳೂರಿನಿಂದ ಈ ಭಾನುವಾರ ಊರಿಗೆ ಬಂದಾಗ ಅಮ್ಮನ ಹಾಸಿಗೆಯಿಂದ ಬಚ್ಚಲವರೆಗೆ ನಡೆದು ನೋಡಿ. ಎಲ್ಲಿ ಎಡವುತ್ತೀರೋ, ಎಲ್ಲಿ ಗೋಡೆ ತಡವುತ್ತೀರೋ, ಅಲ್ಲೇ ಕೆಲಸ ಶುರುವಾಗಲಿ. ಬಚ್ಚಲಲ್ಲಿ, ಕಮೋಡಿನ ಪಕ್ಕದಲ್ಲಿ ಸ್ಟೀಲ್ ಕಂಬಿ ಬಿಗಿಸಿ. ನಲ್ಲಿಯ ಪೈಪು ಮೈಭಾರ ತಡೆಯದು. ಜಾರದ ಮ್ಯಾಟು ಹಾಸಿ. ಹಾಸಿಗೆಯಲ್ಲೇ ಕೈಗೆಟುಕುವಂತೆ ಸ್ವಿಚ್ಚು ಮಾಡಿಸಿ. ಅಪ್ಪ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಕಣ್ಣನ್ನೂ ಪರೀಕ್ಷೆ ಮಾಡಿಸಿ. "ಈಚೆಗೆ ಎಲ್ಲಾದರೂ ಜಾರಿದ್ರಾ?" ಎಂದು ಮೆತ್ತಗೆ ಕೇಳಿ. ಮಕ್ಕಳಿಗೆ ತೊಂದರೆ ಯಾಕೆಂದು ಅವರು ಮುಚ್ಚಿಟ್ಟಿರುತ್ತಾರೆ. ಬಿದ್ದು ಕಾಲೂರಲು ಆಗದಿದ್ದರೆ ಎಳೆದು ಎಬ್ಬಿಸಬೇಡಿ, ಪುತ್ತೂರಿನ ನಾಟಿ ಮೂಳೆ ಕಟ್ಟಿಗೆಂದು ದಿನ ದೂಡಬೇಡಿ. 108ಕ್ಕೆ ಫೋನ್ ಮಾಡಿ.

ನಮ್ಮ ಬಚ್ಚಲಲ್ಲಿ ಈಗ ಕಂಬಿ ಇದೆ. ಅದನ್ನು ಹಿಡಿಯಬೇಕಿದ್ದ, ಸೊಪ್ಪಿನ ವಾಸನೆಯ ಆ ಕೈ ಇಲ್ಲ. ನಿಮ್ಮ ಮನೆಯಲ್ಲಿ ಆ ಕೈ ಇನ್ನೂ ಇದೆ. ಇರುವಾಗಲೇ ಹಾಕಿಸಿ.